ಹಿಮದಲ್ಲಿ ಮುದುಡುವ ಬ್ಯಾಟರಿ, ನಮ್ಮ ಬಿಸಿಲಲ್ಲಿ ಸವೆಯುವ ಬ್ಯಾಟರಿ

ಜನವರಿಯ ಒಂದು ಸಂಜೆ. ಸಿಂಧನೂರಿನ ನಮ್ಮ ಮನೆ ಅಂಗಳದಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆವು. ಅಣ್ಣನ ಮಗಳು ಕೆನಡಾದ ಮಾಂಟ್ರಿಯಲ್‌ನಿಂದ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಬೆಳಗಿನ ಎಂಟು ಗಂಟೆ. ಹೊರಗೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಗಾಜಿನ ಮೇಲೆ ಕೂತ ಹಿಮ ಕೆರೆದು, ಕೈ ಉಜ್ಜಿಕೊಳ್ಳುತ್ತಾ ಕಾರಿನೊಳಗೆ ಬಂದು ಕೂತಿದ್ದಳು.

"ಕಾಕಾ, ರಾತ್ರಿಯೆಲ್ಲಾ ಚಾರ್ಜಿಗೆ ಹಾಕೀನಿ, ಬ್ಯಾಟರಿ ಫುಲ್ ಐತಿ. ಆದ್ರೂ ಬಟನ್ ಒತ್ತಿದ ಕೂಡ್ಲೇ ಪೆಟ್ರೋಲ್ ಇಂಜಿನ್ನೇ ಚಾಲೂ ಆಗ್ತೈತಿ. ಗಾಡಿ ಕೆಟ್ಟೈತೇನು?"

ಐಟಿಐಯಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳಿದವನು ನಾನು. ಅದಕ್ಕೇ ನನ್ನನ್ನು ಕೇಳಿದಳು. ಗಾಡಿ ಕೆಟ್ಟಿರಲಿಲ್ಲ. ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತಿತ್ತು. ಆದರೆ ಅವಳಿಗೆ ಬಿಡಿಸಿ ಹೇಳುತ್ತಾ ಹೋದ ಹಾಗೆ, ಅದೇ ಪ್ರಶ್ನೆ ನಮ್ಮ ಊರಿನ ಕಡೆಗೇ ತಿರುಗಿತು. ಚಳಿಗೆ ಇಷ್ಟೆಲ್ಲಾ ತೊಂದರೆ ಪಡುವ ಬ್ಯಾಟರಿ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಏನಾಗುತ್ತದೆ? ಇಲ್ಲಿ ಕರೆಂಟಿನ ಕಾರು ಕೊಳ್ಳಲು ಯೋಚಿಸುತ್ತಿರುವವರು ಈಗ ಕಡಿಮೆಯಿಲ್ಲ. ಅವರಿಗೆ ಇದು ಗೊತ್ತಿರಬೇಕು.

ಮೊದಲು ಅವಳ ಗಾಡಿಯ ವಿಷಯ. ಅದು ಪ್ಲಗ್-ಇನ್ ಹೈಬ್ರಿಡ್. ಅಂದರೆ ಪೆಟ್ರೋಲ್ ಇಂಜಿನ್, ಕರೆಂಟಿನ ಮೋಟರ್ ಎರಡೂ ಇರುವ, ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡುವ ಕಾರು. ನಮ್ಮ ಕಡೆ ಓಡಾಡುವ ಹೈಬ್ರಿಡ್ ಕಾರುಗಳಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇದೆ. ಇನೋವಾ ಹೈಕ್ರಾಸ್, ಗ್ರ್ಯಾಂಡ್ ವಿಟಾರಾ ತರಹದ ಹೈಬ್ರಿಡ್‌ಗಳ ಬ್ಯಾಟರಿ ಒಂದೆರಡು ಯೂನಿಟ್ ಕರೆಂಟ್ ಹಿಡಿಯುವಷ್ಟು ಚಿಕ್ಕದು. ಅದನ್ನು ಪ್ಲಗ್ಗಿಗೆ ಹಾಕುವ ಹಾಗಿಲ್ಲ. ಇಂಜಿನ್ ಮತ್ತು ಬ್ರೇಕಿನಿಂದಲೇ ತುಂಬಿಕೊಳ್ಳುತ್ತದೆ. ಪ್ಲಗ್-ಇನ್‌ನಲ್ಲಿ ಬ್ಯಾಟರಿ ದೊಡ್ಡದು. ಅವಳ ಗಾಡಿಯಲ್ಲಿ ಸುಮಾರು 18 ಯೂನಿಟ್. ಅದರಲ್ಲಿ ಒಂದು ಪಾಲನ್ನು ಕಾರು ಕಾಯ್ದಿಟ್ಟುಕೊಳ್ಳುತ್ತದೆ, ಪೂರ್ತಿ ಬಳಸಲು ಬಿಡುವುದಿಲ್ಲ. ಮನೆ ಪ್ಲಗ್ಗಿಗೆ ಹಾಕಿದರೆ ಬೇಸಿಗೆಯಲ್ಲಿ 60 ಕಿ.ಮೀ. ಮೇಲೆ ಬರೀ ಕರೆಂಟಿನಲ್ಲೇ ಹೋಗುತ್ತದೆ. ಅದು ಮುಗಿದರೆ ಪೆಟ್ರೋಲ್ ಇದ್ದೇ ಇದೆ.

ಹಾಗಾದರೆ ಫುಲ್ ಚಾರ್ಜ್ ಇದ್ದರೂ ಇಂಜಿನ್ ಯಾಕೆ? ಉತ್ತರ ಹೀಟರ್‌ನಲ್ಲಿದೆ.

ಪೆಟ್ರೋಲ್ ಇಂಜಿನ್ ಸುಡುವ ಇಂಧನದಲ್ಲಿ ಅರ್ಧಕ್ಕಿಂತ ಜಾಸ್ತಿ ಸುಮ್ನೆ ಬಿಸಿಯಾಗಿ ಹೊರಗೆ ಹೋಗುತ್ತದೆ. ನಮಗೆ ಅದು ನಷ್ಟ. ಆದರೆ ಹಿಮದ ಊರಿನಲ್ಲಿ ಅದೇ ಬಿಸಿಯನ್ನು ಕಾರಿನೊಳಗೆ ತಿರುಗಿಸಿಕೊಂಡರೆ ಪುಕ್ಕಟೆ ಹೀಟರ್. ಕರೆಂಟಿನಲ್ಲಿ ಓಡುವಾಗ ಈ ಪುಕ್ಕಟೆ ಬಿಸಿ ಇಲ್ಲ. ಮೋಟರ್ ಅಷ್ಟು ಬಿಸಿಯಾಗುವುದಿಲ್ಲ. ಹಾಗಾಗಿ ನೀರು ಕಾಯಿಸುವ ಕಾಯಿಲ್‌ನ ಹಾಗೆ ಬ್ಯಾಟರಿಯಿಂದಲೇ ಬಿಸಿ ಮಾಡಬೇಕು. ಕೊರೆಯುವ ಚಳಿಯಲ್ಲಿ ಅದಕ್ಕೆ 4–5 ಕಿಲೋವ್ಯಾಟ್, ಅಂದರೆ ಗಂಟೆಗೆ 4–5 ಯೂನಿಟ್ ಬೇಕಾಗುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ಇಂಥ ಕಾರು 100 ಕಿ.ಮೀ. ಹೋಗಲು ಸುಮಾರು 18 ಯೂನಿಟ್ ಬಳಸುತ್ತದೆ ಅನ್ನೋಣ. ಹಿಮ ಬಿದ್ದ ಟ್ರಾಫಿಕ್‌ನಲ್ಲಿ ಗಂಟೆಗೆ 30 ಕಿ.ಮೀ. ವೇಗ. ಅಂದರೆ ಒಂದು ಗಂಟೆಗೆ ಐದೂವರೆ ಯೂನಿಟ್ ಸಾಕು. ಅದೇ ಒಂದು ಗಂಟೆಯಲ್ಲಿ ಹೀಟರ್ ಕೂಡ ಐದು ಯೂನಿಟ್ ನುಂಗುತ್ತದೆ. ಕಾರನ್ನು ಓಡಿಸಲು ಎಷ್ಟೋ, ಒಳಗೆ ಬೆಚ್ಚಗಿಡಲೂ ಹತ್ತಿರ ಹತ್ತಿರ ಅಷ್ಟೇ. ಅದಕ್ಕೇ ಹಲವು ಪ್ಲಗ್-ಇನ್ ಕಾರುಗಳು, ಹೊರಗಿನ ಚಳಿ ಒಂದು ಮಿತಿಗಿಂತ ಕೆಳಗಿಳಿದು ಹೀಟರ್ ಹಾಕಿದ್ದರೆ, ಕೇಳದೇ ಇಂಜಿನ್ ಚಾಲೂ ಮಾಡಿಬಿಡುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಹೀಟ್ ಪಂಪ್ ಇರುತ್ತದೆ. ಅದು ಏಸಿಯನ್ನು ತಿರುಗುಮುರುಗು ಮಾಡಿದ ಹಾಗೆ. ಹೊರಗಿನ ಗಾಳಿಯಲ್ಲಿರುವ ಅಷ್ಟಿಷ್ಟು ಬಿಸಿಯನ್ನೇ ಎಳೆದು ಒಳಗೆ ತರುತ್ತದೆ. ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತದೆ. ಆದರೆ ಚಳಿ ತೀರಾ ಹೆಚ್ಚಾದರೆ ಅದರ ಬಲವೂ ಕುಗ್ಗುತ್ತದೆ.

ಬ್ಯಾಟರಿಯದ್ದೇ ಇನ್ನೊಂದು ಕಥೆ. ಡಿಸೆಂಬರ್ ಬೆಳಿಗ್ಗೆ ನಮ್ಮ ಕೊಬ್ಬರಿ ಎಣ್ಣೆ ಬಾಟಲಿ ನೋಡಿದ್ದೀರಲ್ವಾ? ಗಟ್ಟಿಯಾಗಿ ಕೂತಿರುತ್ತದೆ, ಬೋರಲು ಹಾಕಿದರೂ ಹನಿ ಇಳಿಯುವುದಿಲ್ಲ. ಲಿಥಿಯಂ ಬ್ಯಾಟರಿಯೊಳಗಿನ ದ್ರವ ಅಷ್ಟು ಗಟ್ಟಿಯಾಗುವುದಿಲ್ಲ, ಆದರೆ ದಾರಿ ಅದೇ. ಚಳಿಗೆ ಮಂದವಾಗುತ್ತದೆ. ಲಿಥಿಯಂ ಅಯಾನುಗಳು, ಅಂದರೆ ಕರೆಂಟ್ ಹೊತ್ತ ಕಣಗಳು, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನ ಸಾಗುತ್ತವೆ. ಒಳಗೆ ಕರೆಂಟ್ ಇದ್ದರೂ ಬೇಕಾದಷ್ಟು ಬೇಗ ಹೊರಗೆ ಬರುವುದಿಲ್ಲ.

ಚಾರ್ಜ್ ಮಾಡುವಾಗ ಇದು ಇನ್ನೂ ಕಷ್ಟ. ಜಾತ್ರೆಗೆ ಹೋಗುವ ಬಸ್ಸನ್ನು ನೆನೆಸಿಕೊಳ್ಳಿ. ಒಳಗೆ ಸೀಟು ಖಾಲಿ ಇದೆ, ಆದರೆ ಜನ ಬೇಗ ಒಳಗೆ ಸರಿಯುತ್ತಿಲ್ಲ. ಹಿಂದಿನಿಂದ ತಳ್ಳುತ್ತಲೇ ಇದ್ದರೆ ಎಲ್ಲರೂ ಫುಟ್‌ಬೋರ್ಡ್ ಮೇಲೆ ಜಮಾಯಿಸುತ್ತಾರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಜೋರಾಗಿ ಚಾರ್ಜ್ ಮಾಡಿದರೆ ಲಿಥಿಯಂ ಕೂಡ ತಾನು ಹೋಗಿ ಕೂರಬೇಕಾದ ಗ್ರಾಫೈಟ್ (ಪೆನ್ಸಿಲ್ ಕಡ್ಡಿಯಲ್ಲಿರುವ ವಸ್ತು) ಒಳಗೆ ಹೋಗದೆ, ಮೇಲೆಯೇ ಲೋಹದ ಪೊರೆಯಾಗಿ ಕೂರುತ್ತದೆ. ಹಾಗೆ ಕೂತದ್ದರಲ್ಲಿ ಒಂದಿಷ್ಟು ಮತ್ತೆ ಕೆಲಸಕ್ಕೆ ಬರುವುದೇ ಇಲ್ಲ. ಆದ್ದರಿಂದ ಕಾರಿನ ಕಂಪ್ಯೂಟರ್, ಬ್ಯಾಟರಿ ತಣ್ಣಗಿದ್ದಾಗ ಚಾರ್ಜನ್ನೇ ಬಿಗಿ ಹಿಡಿಯುತ್ತದೆ.

ಇದರ ಪರಿಣಾಮ ಡ್ರೈವರ್ ಕಾಲಿಗೆ ಗೊತ್ತಾಗುತ್ತದೆ. ಹೈಬ್ರಿಡ್‌ನಲ್ಲಿ ಎಕ್ಸಲರೇಟರ್‌ನಿಂದ ಕಾಲು ತೆಗೆದರೆ ಮೋಟರ್ ಡೈನಮೋ ಆಗಿ ಗಾಡಿಯನ್ನು ಹಿಡಿದೆಳೆಯುತ್ತದೆ, ಬ್ಯಾಟರಿ ತುಂಬುತ್ತದೆ. ಬ್ಯಾಟರಿ ತೀರಾ ತಣ್ಣಗಿದ್ದರೆ, ಇಲ್ಲವೇ ಪೂರ್ತಿ ತುಂಬಿದ್ದರೆ, ಈ ಹಿಡಿತ ಸಿಗುವುದಿಲ್ಲ. ಅದನ್ನೇ ನಂಬಿ ಓಡಿಸಿ ರೂಢಿಯಾದವರಿಗೆ ಚಳಿಗಾಲದ ಬೆಳಿಗ್ಗೆ ಗಾಡಿ ಮುಂದಕ್ಕೆ ಜಾರಿದ ಹಾಗೆ ಅನ್ನಿಸುತ್ತದೆ. ಅಣ್ಣನ ಮಗಳಿಗೆ ಹೇಳಿದೆ: ಮೊದಲ ದಿನಗಳಲ್ಲಿ ಖಾಲಿ ಪಾರ್ಕಿಂಗ್ ಜಾಗದಲ್ಲಿ ಬ್ರೇಕ್ ಹಾಕಿ ನೋಡವ್ವ, ಕಾಲಿಗೆ ಅಂದಾಜು ಸಿಗಲಿ.

ಟೈರ್ ವಿಷಯದಲ್ಲಿ ಅವಳಿಗೆ ನಾನು ಹೇಳುವುದೇನೂ ಇರಲಿಲ್ಲ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಹಾಕುವುದು ಕಾನೂನು. ಮಾಮೂಲಿ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಡಸಾಗುತ್ತದೆ, ರಸ್ತೆ ಹಿಡಿಯುವುದಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು ಹಿಮದಲ್ಲಿ ಸುಲಭವಾಗಿ ಹೊರಡುತ್ತದೆ ನಿಜ. ಆದರೆ ನಿಲ್ಲಿಸುವುದು ಟೈರ್ ಮಾತ್ರ.

ಈಗ ನಮ್ಮ ಕಡೆ ಬರೋಣ. ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2019ರಲ್ಲಿ ಪೂರ್ತಿ ಕರೆಂಟಿನ ಕಾರುಗಳನ್ನು ಚಳಿ, ಬಿಸಿಲು ಎರಡರಲ್ಲೂ ಪರೀಕ್ಷೆ ಮಾಡಿತು. ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗೆ, ಹೀಟರ್ ಹಾಕಿ ಓಡಿಸಿದಾಗ ಒಂದು ಚಾರ್ಜಿಗೆ ಹೋಗುವ ದೂರ ಸರಾಸರಿ 41 ಶೇಕಡಾ ಕಡಿಮೆಯಾಯಿತು. 35 ಡಿಗ್ರಿ ಬಿಸಿಯಲ್ಲಿ ಏಸಿ ಹಾಕಿ ಓಡಿಸಿದಾಗ ಕಡಿಮೆಯಾದದ್ದು 17 ಶೇಕಡಾ ಮಾತ್ರ. ಕಾರಣ ಸರಳ. ಸೊನ್ನೆಗಿಂತ 18 ಡಿಗ್ರಿ ಕೆಳಗಿನಿಂದ 20 ಡಿಗ್ರಿಗೆ ತರಬೇಕೆಂದರೆ ಅಂತರ 38 ಡಿಗ್ರಿ. ನಮ್ಮಲ್ಲಿ 42ರಿಂದ 25ಕ್ಕೆ ಇಳಿಸಲು ಅಂತರ 17 ಡಿಗ್ರಿ. ಮೇಲಾಗಿ ಏಸಿ ಬಿಸಿಯನ್ನು ಹುಟ್ಟಿಸುವುದಿಲ್ಲ, ಇರುವ ಬಿಸಿಯನ್ನು ಹೊರಗೆ ಸಾಗಿಸುತ್ತದೆ ಅಷ್ಟೇ. ಅದಕ್ಕೆ ಕರೆಂಟ್ ಕಡಿಮೆ ಸಾಕು.

ಈ ಅಂಕಿ ನೋಡಿ, "ಹಾಗಾದ್ರ ನಮ್ಮೂರೇ ಛಲೋ ಬಿಡ್ರಿ" ಎಂದರು ನಮ್ಮ ಓಣಿಯ ಗೌಡರು. ಅವರು ಕರೆಂಟಿನ ಕಾರು ತಂದವರು. ಅರ್ಧ ಮಾತ್ರ ನಿಜ ಎಂದೆ. ಚಳಿ ಕಸಿಯುವುದು ಆ ದಿನದ ಕಿಲೋಮೀಟರ್. ಬೆಚ್ಚಗಾದ ಮೇಲೆ ಅದು ಮರಳಿ ಬರುತ್ತದೆ. ಬಿಸಿಲು ಕಸಿಯುವುದು ಬ್ಯಾಟರಿಯ ವರ್ಷಗಳನ್ನು. ಅದು ಮರಳಿ ಬರುವುದಿಲ್ಲ.

ಬ್ಯಾಟರಿಯೊಳಗೆ ಸದಾ ಒಂದು ನಿಧಾನದ ರಾಸಾಯನಿಕ ಸವೆತ ನಡೆಯುತ್ತಿರುತ್ತದೆ. ಗ್ರಾಫೈಟ್ ಮೇಲೆ ಒಂದು ತೆಳು ಪದರ ಬೆಳೆಯುತ್ತಾ ಹೋಗುತ್ತದೆ, ಬೆಳೆದಷ್ಟೂ ಲಿಥಿಯಂ ಅದರಲ್ಲಿ ಸಿಕ್ಕಿಬೀಳುತ್ತದೆ. ಬಿಸಿ 10 ಡಿಗ್ರಿ ಏರಿದರೆ ಈ ಸವೆತ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ ಎನ್ನುವುದು ಈ ಕ್ಷೇತ್ರದವರು ಬಳಸುವ ಅಂದಾಜು. ಗಾಡಿ ಓಡಲೇಬೇಕೆಂದಿಲ್ಲ. ಬಿಸಿಲಲ್ಲಿ ನಿಂತಿದ್ದರೂ ಸಾಕು. ಅದರಲ್ಲೂ ಪೂರ್ತಿ ಚಾರ್ಜ್ ಆಗಿ ಬಿಸಿಲಲ್ಲಿ ನಿಂತರೆ ಸವೆತ ಜಾಸ್ತಿ.

ಇದಕ್ಕೆ ದೊಡ್ಡ ಪಾಠ ಸಿಕ್ಕಿದ್ದು ಅಮೆರಿಕದ ಅರಿಜೋನಾದಲ್ಲಿ. ಅದೂ ನಮ್ಮಂಥದ್ದೇ ಬಿಸಿಲಿನ ನಾಡು. 2010ರ ಕೊನೆಗೆ ಮಾರುಕಟ್ಟೆಗೆ ಬಂದ ನಿಸಾನ್ ಲೀಫ್ ಎಂಬ ಕರೆಂಟಿನ ಕಾರಿನ ಬ್ಯಾಟರಿಗೆ ಕೂಲಂಟ್, ಅಂದರೆ ದ್ರವ ಹರಿಸಿ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ. 2012ರ ಹೊತ್ತಿಗೇ ಫೀನಿಕ್ಸ್ ಸುತ್ತಲಿನ ಮಾಲೀಕರು, ಬ್ಯಾಟರಿ ಬಲ ಕುಗ್ಗುತ್ತಿದೆ ಎಂದು ದೂರತೊಡಗಿದರು. ಕಂಪನಿ ಮುಂದೆ ಬ್ಯಾಟರಿಯ ಸಾಮರ್ಥ್ಯಕ್ಕೂ ವಾರಂಟಿ ಕೊಟ್ಟಿತು. ಲೀಫ್ ಬಂದ ಹೊತ್ತಿಗೇ ಬಂದ ಷೆವ್ರೊಲೆ ವೋಲ್ಟ್ ಎಂಬ ಪ್ಲಗ್-ಇನ್ ಕಾರಿನ ಬ್ಯಾಟರಿ ಸುತ್ತ ಕೂಲಂಟ್ ಹರಿಯುತ್ತಿತ್ತು. 16 ಯೂನಿಟ್ ಬ್ಯಾಟರಿಯಲ್ಲಿ 10ರ ಆಸುಪಾಸನ್ನಷ್ಟೇ ಬಳಸಲು ಬಿಡುತ್ತಿತ್ತು. ಅದರ ಮೇಲೆ ಆ ಮಟ್ಟದ ದೂರು ಕೇಳಿಬರಲಿಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ಕಾರು ಕೊಳ್ಳುವವರು ಶೋರೂಮಿನಲ್ಲಿ ಸನ್‌ರೂಫ್ ಇದೆಯೇ ಎಂದು ಕೇಳುವುದಕ್ಕೂ ಮೊದಲು, ಬ್ಯಾಟರಿಗೆ ಕೂಲಂಟ್ ಇದೆಯೇ ಎಂದು ಕೇಳಬೇಕು. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಜೊತೆಗೆ ಬ್ಯಾಟರಿ ಯಾವ ಜಾತಿಯದ್ದು ಎಂದೂ ಕೇಳಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಎಂಬ ಜಾತಿ ಬಿಸಿಲನ್ನು ಹೆಚ್ಚು ತಾಳುತ್ತದೆ. ಚಳಿಯಲ್ಲಿ ಅದು ಸ್ವಲ್ಪ ಮಂಕು, ಆದರೆ ನಮಗೆ ಆ ಚಿಂತೆ ಇಲ್ಲ.

ಬಿಸಿಲಿನ ಜೊತೆ ನಮಗೆ ಧೂಳೂ ಇದೆ. ಸಂಡೂರಿನ ಅದಿರು ಲಾರಿಗಳ ಕೆಂಧೂಳು, ಸಿಂಧನೂರು–ಗಂಗಾವತಿಯ ಅಕ್ಕಿ ಮಿಲ್ಲುಗಳ ಹೊಟ್ಟಿನ ಬೂದಿ, ರಾಯಚೂರಿನ ಹತ್ತಿ ಜಿನ್ನಿಂಗ್‌ನಿಂದ ಹಾರುವ ನವಿರು ಎಳೆ. ಗಾಳಿಯಿಂದ ಬ್ಯಾಟರಿ ತಂಪು ಮಾಡುವ ಹಲವು ಹೈಬ್ರಿಡ್‌ಗಳಲ್ಲಿ ಹಿಂದಿನ ಸೀಟಿನ ಹತ್ತಿರ ಒಂದು ಜಾಲರಿ ಇರುತ್ತದೆ. ಅಲ್ಲಿಂದಲೇ ಫ್ಯಾನ್ ಗಾಳಿ ಎಳೆಯುವುದು. ಪರಿಚಯದವರೊಬ್ಬರ ಗಾಡಿಯಲ್ಲಿ ಆ ಜಾಲರಿಯ ಫಿಲ್ಟರ್ ಬಿಚ್ಚಿದೆವು. ಬೂದು ಬಣ್ಣದ ಹಾಸಿಗೆಯ ಹಾಗೆ ಒತ್ತಾಗಿ ಕೂತಿತ್ತು ಧೂಳು, ಬೆರಳಿನಿಂದ ಹೆಕ್ಕಿ ತೆಗೆಯಬೇಕಾಯಿತು. ಅದರ ಮುಂದೆ ಯಾವಾಗಲೂ ಒಂದು ಅಕ್ಕಿ ಚೀಲ ಆನಿಸಿಡುತ್ತಿದ್ದರಂತೆ. ಸರ್ವಿಸ್‌ಗೆ ಬಿಟ್ಟಾಗ ಈ ಫಿಲ್ಟರ್ ನೋಡಿ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಮರೆತೇ ಹೋಗುತ್ತದೆ.

ಪ್ಲಗ್ಗಿನ ಮಾತು ಇನ್ನೂ ಮುಖ್ಯ. ಕೆನಡಾದ ಮಾಮೂಲಿ ಪ್ಲಗ್ 120 ವೋಲ್ಟ್. ಅವಳ 18 ಯೂನಿಟ್ ಬ್ಯಾಟರಿ ತುಂಬಲು ಅದರಲ್ಲಿ ಹನ್ನೆರಡು ಗಂಟೆ ಬೇಕು. ನಮ್ಮದು 230 ವೋಲ್ಟ್. ಗೀಸರ್‌ಗೆ ಹಾಕಿಸುವ 16 ಆಂಪಿಯರ್ ಪಾಯಿಂಟ್ ಸರಿಯಾಗಿದ್ದರೆ ಆರೇಳು ಗಂಟೆಯಲ್ಲಿ ಅದೇ ಬ್ಯಾಟರಿ ತುಂಬುತ್ತದೆ. ಅಂದರೆ ಪ್ಲಗ್-ಇನ್ ಕಾರಿಗೆ ನಮ್ಮ ಮನೆಗಳೇ ಹೆಚ್ಚು ಅನುಕೂಲ.

"ಸರಿಯಾಗಿದ್ದರೆ" ಎನ್ನುವ ಮಾತಿನಲ್ಲೇ ತೊಡಕಿದೆ. ಕಳೆದ ಏಪ್ರಿಲ್‌ನಲ್ಲಿ ಗೌಡರ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಟ್ಟಿತು. ಕಂಪನಿಯವರು ಬಂದು ಚಾರ್ಜರ್ ಬದಲಾಯಿಸಿದರು. ಮತ್ತೆ ಕೆಂಪು ದೀಪ. ನಾನು ಹೋಗಿ ನೋಡಿದಾಗ ತೊಂದರೆ ಇದ್ದದ್ದು ಅರ್ತಿಂಗ್‌ನಲ್ಲಿ. ಮನೆ ಕಟ್ಟಿದಾಗ ಗುಂಡಿ ತೋಡಿ ಅರ್ತಿಂಗ್ ಪೈಪ್ ಹೂತಿದ್ದರು, ಆಮೇಲೆ ಯಾರೂ ಆ ಕಡೆ ತಿರುಗಿ ನೋಡಿರಲಿಲ್ಲ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಪೈಪ್ ಸುತ್ತಲಿನ ಮಣ್ಣು ಒಣಗಿ ಪೈಪಿನಿಂದ ದೂರ ಸರಿದಿತ್ತು. ವೈರ್‌ಮನ್ ಕರೆಸಿ, ಗುಂಡಿ ಬಿಡಿಸಿ, ಇದ್ದಿಲು ಮತ್ತು ಹರಳುಪ್ಪು ತುಂಬಿಸಿ, ನಾಲ್ಕು ಕೊಡ ನೀರು ಹೊಯ್ದೆವು. ಅರ್ಧ ಗಂಟೆಗೆ ಹಸಿರು ದೀಪ ಬಂತು. ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ನಿಲ್ಲುವುದು ನಮ್ಮ ಜೀವ ಉಳಿಸಲಿಕ್ಕೆ. ಅದನ್ನು ತಪ್ಪಿಸಿ ಚಾರ್ಜ್ ಮಾಡುವ ಉಪಾಯ ಹೇಳಿಕೊಡುವವರು ಇರುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಮನೆಯಲ್ಲಿ ಮಕ್ಕಳು ಕಾರನ್ನು ಮುಟ್ಟುತ್ತಾ ಆಡುತ್ತಿರುತ್ತಾರೆ.

ಖರ್ಚಿನ ಲೆಕ್ಕದಲ್ಲೂ ನಮ್ಮ ರಾಜ್ಯದವರು ಮರೆಯುವ ಒಂದು ಅಂಶ ಇದೆ. ದಿನಕ್ಕೆ 15 ಯೂನಿಟ್ ಚಾರ್ಜ್ ಮಾಡಿದರೆ ತಿಂಗಳಿಗೆ 450 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಇದು ಏಕ್‌ದಂ ಹೊಸ ಖರ್ಚು. ಆದರೂ ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೂ 18 ಯೂನಿಟ್ಟಿಗೆ 108 ರೂಪಾಯಿ ಆಯಿತು. ಅದರಲ್ಲಿ 60 ಕಿ.ಮೀ. ಹೋಗಬಹುದು. ಅಷ್ಟೇ ದೂರಕ್ಕೆ ಅದೇ ಗಾತ್ರದ ಪೆಟ್ರೋಲ್ ಕಾರು ನಾಲ್ಕು ಲೀಟರ್ ಕುಡಿಯುತ್ತದೆ. 400 ರೂಪಾಯಿ ಮೇಲಾಯಿತು.

ಇಷ್ಟೆಲ್ಲಾ ತೂಗಿ ನೋಡಿದರೆ, ನನ್ನ ಪ್ರಕಾರ ಪ್ಲಗ್-ಇನ್ ಹೈಬ್ರಿಡ್ ನಮ್ಮ ಜಿಲ್ಲೆಗಳ ಓಡಾಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಮ್ಮ ದಿನದ ಓಡಾಟ ಏನು? ಹೊಲ, ಮಿಲ್ಲು, ಎಪಿಎಂಸಿ, ಮಕ್ಕಳ ಶಾಲೆ. 30–40 ಕಿ.ಮೀ. ಒಳಗೇ ಮುಗಿಯುತ್ತದೆ. ಅದೆಲ್ಲಾ ಕರೆಂಟಿನಲ್ಲೇ ಆಗುತ್ತದೆ. ತಿಂಗಳಿಗೊಮ್ಮೆ ಬೆಂಗಳೂರು ಅಥವಾ ಹೈದರಾಬಾದ್. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ನಡುರಾತ್ರಿ ಹೊರಡಬೇಕಾಗುತ್ತದೆ. ಆಗ ಚಾರ್ಜರ್ ಎಲ್ಲಿದೆ, ಖಾಲಿ ಇದೆಯೇ ಎಂದು ಹುಡುಕುವ ಗೋಜಿಲ್ಲ. ಪೆಟ್ರೋಲ್ ಹಾಕಿಸಿ ಹೋಗುತ್ತಿರಬಹುದು.

ಆದರೆ ಇಲ್ಲಿ ಸಿಗುವುದು ಎಲ್ಲಿ? ನಮ್ಮ ದೇಶದಲ್ಲಿ ಪ್ಲಗ್-ಇನ್ ಎಂದರೆ ಬಿಎಂಡಬ್ಲ್ಯು, ರೇಂಜ್ ರೋವರ್ ತರಹದ ಕೋಟಿ ರೂಪಾಯಿ ದಾಟುವ ಗಾಡಿಗಳೇ ಹೆಚ್ಚಾಗಿ ಕಣ್ಣಿಗೆ ಬೀಳುವುದು. ತೆರಿಗೆಯೂ ಒಂದು ಕಾರಣ. ಪೂರ್ತಿ ಕರೆಂಟಿನ ಕಾರಿಗೆ ಜಿಎಸ್‌ಟಿ 5 ಶೇಕಡಾ. 2025ರ ಸೆಪ್ಟೆಂಬರ್ 22ರಿಂದ ಬಂದ ಹೊಸ ದರದಲ್ಲಿ ದೊಡ್ಡ ಹೈಬ್ರಿಡ್‌ಗಳಿಗೆ 40 ಶೇಕಡಾ. ಪ್ಲಗ್ ಇರಲಿ, ಇಲ್ಲದಿರಲಿ, ಒಂದೇ ಲೆಕ್ಕ. ದಿನಾ 40 ಕಿ.ಮೀ. ಕರೆಂಟಿನಲ್ಲಿ ಓಡುವ ಗಾಡಿಗೂ, ಒಂದು ಕಿ.ಮೀ. ಕೂಡ ಪ್ಲಗ್ಗಿನ ಕರೆಂಟ್ ಬಳಸದ ಗಾಡಿಗೂ ಒಂದೇ ತೆರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಹಾಗಂತ ಕಣ್ಣು ಮುಚ್ಚಿ ರಿಯಾಯಿತಿ ಕೊಡಿ ಎಂದೂ ನಾನು ಹೇಳಲಾರೆ. ಯುರೋಪಿನಲ್ಲಿ ಆದದ್ದು ಅದೇ. 2024ರಲ್ಲಿ ಯುರೋಪಿಯನ್ ಕಮಿಷನ್ ಒಂದು ವರದಿ ಕೊಟ್ಟಿತು. ರಸ್ತೆಯಲ್ಲಿ ಓಡುವ ಪ್ಲಗ್-ಇನ್ ಕಾರುಗಳು ಉಗುಳುವ ಇಂಗಾಲದ ಡೈಆಕ್ಸೈಡ್, ಲ್ಯಾಬಿನ ಲೆಕ್ಕಕ್ಕಿಂತ ಸರಾಸರಿ ಮೂರೂವರೆ ಪಟ್ಟು ಇತ್ತು. ಜನ ಅಂದಾಜು ಮಾಡಿದಷ್ಟು ಚಾರ್ಜಿಗೆ ಹಾಕುತ್ತಿರಲಿಲ್ಲ, ಪೆಟ್ರೋಲಿನಲ್ಲೇ ಓಡಿಸುತ್ತಿದ್ದರು. ಚಾರ್ಜ್ ಮಾಡದ ಪ್ಲಗ್-ಇನ್ ಎಂದರೆ ಭಾರದ ಬ್ಯಾಟರಿ ಹೊತ್ತ ಪೆಟ್ರೋಲ್ ಕಾರು ಅಷ್ಟೇ. ಯುರೋಪಿನ ಹೊಸ ಕಾರುಗಳಲ್ಲಿ ಎಷ್ಟು ಇಂಧನ, ಎಷ್ಟು ಕರೆಂಟ್ ಬಳಕೆಯಾಯಿತು ಎಂದು ದಾಖಲಿಸುವ ಮೀಟರ್ ಇರುತ್ತದೆ. ಈ ವರದಿ ಬಂದದ್ದೂ ಅದರಿಂದಲೇ. ಅಂಥ ಮೀಟರ್ ನೋಡಿ, ನಿಜವಾಗಿ ಪ್ಲಗ್ಗಿಗೆ ಹಾಕಿದವರಿಗೆ ವರ್ಷಕ್ಕೊಮ್ಮೆ ರಿಯಾಯಿತಿ ಕೊಡುವ ದಾರಿ ನಮ್ಮಲ್ಲಿ ಯಾಕಾಗಬಾರದು?

ಕರೆಂಟ್ ಎಲ್ಲಿಂದ ಬರುತ್ತದೆ ಎನ್ನುವುದನ್ನೂ ಬಿಡುವ ಹಾಗಿಲ್ಲ. ಮಾಂಟ್ರಿಯಲ್‌ನ ಕರೆಂಟ್ ಬಹುಪಾಲು ನೀರಿನಿಂದ ಬರುವುದು. ನಮ್ಮಲ್ಲಿ ಶಕ್ತಿನಗರದ 1720 ಮೆಗಾವ್ಯಾಟ್, ಕುಡಿತಿನಿಯ 1700, ಯರಮರಸ್‌ನ 1600. ಮೂರೂ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಸ್ಥಾವರಗಳು. ಆ ಹಾರುಬೂದಿ ಬೀಳುವುದು ನಮ್ಮದೇ ಹೊಲಗಳ ಮೇಲೆ. ಆದರೆ ಕೊಪ್ಪಳ ಜಿಲ್ಲೆಯ ಕುಕನೂರು, ಯಲಬುರ್ಗಾ ಕಡೆ ಹೋದರೆ ಸಾಲು ಸಾಲು ಗಾಳಿಯಂತ್ರ ತಿರುಗುತ್ತಿವೆ. ಬಿಸಿಲಂತೂ ಬೇಕಾದಷ್ಟಿದೆ. ಮಾಳಿಗೆ ಮೇಲೆ ಸೋಲಾರ್ ಹಾಕಿ ಹಗಲು ಚಾರ್ಜ್ ಮಾಡುವವರಿಗೆ ಕಾರು ನೆರಳಿನಲ್ಲಿರಬೇಕು, ಸೋಲಾರ್ ಬಿಸಿಲಲ್ಲಿರಬೇಕು. ಅದಕ್ಕೂ ದಾರಿ ಇದೆ, ಸೋಲಾರ್ ಪ್ಯಾನೆಲ್‌ನ್ನೇ ಕಾರಿನ ಶೆಡ್ಡಿನ ಚಾವಣಿ ಮಾಡುವುದು.

ಇನ್ನೊಂದು ಸಣ್ಣ ವಿಷಯ. ಪ್ಲಗ್-ಇನ್‌ನಲ್ಲೂ ಮಾಮೂಲಿ 12 ವೋಲ್ಟ್ ಬ್ಯಾಟರಿ ಒಂದು ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ. ಚಳಿಯೂ ಅದನ್ನು ಕಾಡುತ್ತದೆ, ಬಿಸಿಲೂ ಸವೆಸುತ್ತದೆ. ಅವಳಿಗೂ ಗೌಡರಿಗೂ ಒಂದೇ ಮಾತು ಹೇಳಿದೆ: ಎರಡು ವರ್ಷ ದಾಟಿದ ಮೇಲೆ ಸರ್ವಿಸ್‌ಗೆ ಬಿಟ್ಟಾಗೆಲ್ಲಾ ಚೆಕ್ ಮಾಡಿಸಿ. ಪೆಟ್ರೋಲ್ ಇಂಜಿನ್ನನ್ನೂ ಪೂರ್ತಿ ಮಲಗಿಸಬಾರದು. ಸ್ವಲ್ಪ ಹೊತ್ತು ಓಡಿ, ಬಿಸಿಯಾಗುವ ಮೊದಲೇ ನಿಂತರೆ ಆಯಿಲ್‌ನಲ್ಲಿ ನೀರಿನ ಅಂಶ ಉಳಿಯುತ್ತದೆ. ಆಗಾಗ ಒಂದು ಉದ್ದದ ದಾರಿಯಲ್ಲಿ ಓಡಿಸಿ ಪೂರ್ತಿ ಬಿಸಿ ಮಾಡಬೇಕು.

ಏಪ್ರಿಲ್ ಕೊನೆಗೆ ಅಣ್ಣನ ಮಗಳು ಮತ್ತೆ ಫೋನ್ ಮಾಡಿದಳು. ಹಿಮ ಕರಗಿತ್ತು. "ಕಾಕಾ, ಈ ವಾರ ಇಂಜಿನ್ ಒಮ್ಮಿನೂ ಚಾಲೂ ಆಗಿಲ್ಲ ನೋಡ್ರಿ. ಬರೇ ಕರೆಂಟಿನ್ಯಾಗ ಓಡಾಡೀನಿ" ಎಂದಳು. ಇತ್ತ ಗೌಡರು ಕಾರನ್ನು ಬೇವಿನ ಮರದ ಕೆಳಗೆ ತಂದಿದ್ದರು. ರಾತ್ರಿ ಹತ್ತರ ಮೇಲೆ, ಗಾಡಿ ತಣ್ಣಗಾದ ಮೇಲೆ ಚಾರ್ಜಿಗೆ ಹಾಕುತ್ತಾರೆ. 80 ಶೇಕಡಾ ಆದ ಕೂಡಲೇ ತೆಗೆಯುತ್ತಾರೆ. ಅರ್ತಿಂಗ್ ಗುಂಡಿಗೆ ದಿನಾ ಬೆಳಿಗ್ಗೆ ಒಂದು ಕೊಡ ನೀರು ಹಾಕುವ ಕೆಲಸ ಅವರ ಮೊಮ್ಮಗನದ್ದು.